ಹಳೆಯ ಮೊಕದ್ದಮೆಯೂ ಹೊರದೇಶದ ಪ್ರಯಾಣವೂ



ಉದರನಿಮಿತ್ತವಾಗಿ ಊರು ಬಿಟ್ಟು ಹೋಗುವುದು ನಮ್ಮ ಕರಾವಳಿಯವರಿಗೆ ಹೊಸತಲ್ಲ. ಒಂದು ತಲೆಮಾರಿನವರು ಮುಂಬಯಿ, ಮದ್ರಾಸುಗಳಲ್ಲಿ ಹೋಟೆಲು ಇಟ್ಟರು. ಅದರ ಮುಂದಿನವರು ದುಬಾಯಿ, ಕುವೈತು, ಮಸ್ಕತ್ತುಗಳ ಹಾದಿ ಹಿಡಿದರು. ಈಗಿನವರು ಅಮೆರಿಕ, ಕೆನಡ, ಇಂಗ್ಲೆಂಡುಗಳಲ್ಲಿ ಮನೆಯನ್ನೇ ಮಾಡಿಕೊಂಡಿದ್ದಾರೆ. ಈ ಕಡಿಯಾಳಿಯಲ್ಲಿ ಮಹಿಷಮರ್ದಿನಿಯ ದೇವಸ್ಥಾನದಿಂದ ಯಾವ ದಿಕ್ಕಿಗೆ ನಾಲ್ಕು ಹೆಜ್ಜೆ ನಡೆದರೂ, ಮಗನೋ ಮಗಳೋ ಸಮುದ್ರದಾಚೆ ಇರುವ ಮನೆಯೊಂದು ಸಿಕ್ಕಿಯೇ ಸಿಕ್ಕುವುದು. ಮಗಳ ಬಾಣಂತನಕ್ಕೆಂದು ವೃದ್ಧ ದಂಪತಿಗಳು ವಿಮಾನವೇರುವುದು ಈಗ ಯಾರಿಗೂ ಆಶ್ಚರ್ಯವನ್ನುಂಟುಮಾಡುವ ಸಂಗತಿಯಲ್ಲ.

ಹೀಗೆ ಹೊರಡುವವರು ತುಂಬಬೇಕಾದ ಅರ್ಜಿಗಳಲ್ಲಿ ಒಂದು ಪ್ರಶ್ನೆಯಿರುತ್ತದೆ. ನಿಮ್ಮ ಮೇಲೆ ಕ್ರಿಮಿನಲ್ ಮೊಕದ್ದಮೆ ಏನಾದರೂ ಇದೆಯೆ? ಎಂದಾದರೂ ನಿಮ್ಮನ್ನು ಬಂಧಿಸಿದ್ದುಂಟೆ? ನ್ಯಾಯಾಲಯದಿಂದ ಶಿಕ್ಷೆಯಾಗಿತ್ತೆ? ಬಹುಮಂದಿ ಇದನ್ನು ಓದದೆಯೇ 'ಇಲ್ಲ' ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಆದರೆ ಕೆಲವು ಮನೆಗಳಲ್ಲಿ ಲೇಖನಿ ಇಲ್ಲಿಗೆ ಬಂದು ನಿಂತುಬಿಡುತ್ತದೆ. ಗಡಿಯ ಜಗಳದಲ್ಲಿ ದಾಯಾದಿಗೆ ಹೊಡೆದದ್ದು, ಕಾಲೇಜಿನ ದಿನಗಳಲ್ಲಿ ಚಳವಳಿಯಲ್ಲಿ ಸೆರೆಸಿಕ್ಕಿದ್ದು, ಅಂಗಡಿಯ ಚೆಕ್ಕು ಹಿಂದಿರುಗಿ ದಾವೆಯಾದದ್ದು, ಇವೆಲ್ಲ ಆಗ ನೆನಪಾಗುತ್ತವೆ. ಅಂಥ ಮನೆಗಳವರಿಗೆ ಉಪಯೋಗವಾದೀತೆಂದು ಈ ತಿಂಗಳು ಇದೇ ವಿಷಯವನ್ನು ಎತ್ತಿಕೊಂಡಿದ್ದೇನೆ.

ಗಡಿ ದಾಟುವವನಿಗೆ ಅನುಮತಿಪತ್ರ ಬೇಕೆಂಬುದು ಪಾಶ್ಚಾತ್ಯರ ಕಲ್ಪನೆಯೆಂದು ತಿಳಿಯಬಾರದು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಮುದ್ರಾಧ್ಯಕ್ಷ'ನೆಂಬ ಅಧಿಕಾರಿಯೊಬ್ಬನಿದ್ದಾನೆ. ಒಂದು ಮಾಷಕ ತೆಗೆದುಕೊಂಡು ಮುದ್ರೆಯನ್ನು ಕೊಡುವುದು ಇವನ ಕೆಲಸ. ಮುದ್ರೆಯುಳ್ಳವನಿಗೆ ಮಾತ್ರ ನಾಡಿನೊಳಗೆ ಬರಲೂ ನಾಡಿನಿಂದ ಹೊರಡಲೂ ಅಪ್ಪಣೆ. ಅಲ್ಲಿ ಹೇಳಿದ ದಂಡಗಳ ಕ್ರಮ ವಿಚಾರಾರ್ಹವಾಗಿದೆ. ಮುದ್ರೆಯಿಲ್ಲದೆ ಸಿಕ್ಕಿದ ನಾಡಿಗನಿಗೆ 12 ಪಣ ದಂಡ. ಸುಳ್ಳು ಮುದ್ರೆಯನ್ನು ಹಿಡಿದು ಸಿಕ್ಕಿದವನಿಗಾದರೋ ಪ್ರಥಮ ಸಾಹಸದಂಡ, ಅಂದರೆ 48 ಪಣಗಳಿಂದ 96 ಪಣಗಳ ವರೆಗೆ. ಅವನು ಹೊರನಾಡಿನವನಾದರೆ ಉತ್ತಮ ಸಾಹಸದಂಡ. ಇಲ್ಲದಿರುವುದಕ್ಕಿಂತ ಇದೆಯೆಂದು ಸುಳ್ಳಾಡುವುದು ಕನಿಷ್ಠ ಪಕ್ಷ ನಾಲ್ಮಡಿ ದೊಡ್ಡ ಅಪರಾಧವೆಂಬುದು ಅವನ ಅಭಿಪ್ರಾಯ. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಈ ತಾರತಮ್ಯವೇ ಇಂದಿನ ರಹದಾರಿಯ ಕಾನೂನುಗಳಲ್ಲಿಯೂ ಇದೆಯೆಂಬುದನ್ನು ವಾಚಕರು ಮುಂದೆ ಕಾಣುವರು.

ಮೊದಲು ನಮ್ಮ ದೇಶದ ಪಾಸ್‌ಪೋರ್ಟಿನ ಮಾತು. ಇದು ಒಂದು ಕಾಲದಲ್ಲಿ ಸರ್ಕಾರದ ಕೃಪೆಯೆಂದೇ ಎಣಿಕೆಯಾಗಿತ್ತು. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. 1967ನೆಯ ಏಪ್ರಿಲ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೊರದೇಶಕ್ಕೆ ಹೋಗುವುದು ಪ್ರಜೆಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಸೇರಿದ್ದೆಂದು ತೀರ್ಪಿತ್ತಿತು. ಅದೇ ವರ್ಷ ಜೂನ್ ತಿಂಗಳಲ್ಲಿ ಪಾಸ್‌ಪೋರ್ಟುಗಳ ಅಧಿನಿಯಮವು ಹುಟ್ಟಿತು. ಮುಂದೆ 1978ರಲ್ಲಿ, ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಕಾರಣ ತಿಳಿಸದೆ ವಶಪಡಿಸಿಕೊಂಡ ಪ್ರಕರಣದಲ್ಲಿ, ಈ ಹಕ್ಕನ್ನು ಕಸಿಯುವ ಕ್ರಮವು ನ್ಯಾಯವಾಗಿಯೂ ಯುಕ್ತವಾಗಿಯೂ ಇರಬೇಕೆಂದು ಅದೇ ನ್ಯಾಯಾಲಯವು ಸಾರಿತು. ಆದುದರಿಂದ ಪಾಸ್‌ಪೋರ್ಟಿನ ಕಚೇರಿಗೆ ಹೋಗುವ ಗೃಹಸ್ಥನು ಭಿಕ್ಷೆ ಬೇಡಲು ಹೋಗುತ್ತಿಲ್ಲ, ಹಕ್ಕುಳ್ಳವನಾಗಿ ಹೋಗುತ್ತಾನೆ. ಇದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು.

ಹಕ್ಕಿಗೆ ಮಿತಿಗಳೂ ಉಂಟು. ಅಧಿನಿಯಮದ 6ನೆಯ ಕಲಮಿನಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟವು ಎರಡು. ಒಂದು, ಅರ್ಜಿಗೆ ಹಿಂದಿನ ಐದು ವರ್ಷಗಳೊಳಗೆ ನೈತಿಕ ಅಧಃಪತನದ ಅಪರಾಧಕ್ಕಾಗಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಕಾರಾಗೃಹವಾಸದ ಶಿಕ್ಷೆಯಾಗಿರುವುದು. ಎರಡು, ಭಾರತದ ಕ್ರಿಮಿನಲ್ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯುತ್ತಿರುವುದು. ಇವನ್ನು ನಿಧಾನವಾಗಿ ಓದಿದರೆ ಅರ್ಧ ಭಯವು ತಾನಾಗಿಯೇ ಇಳಿಯುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಇನ್ನೂರು ರೂಪಾಯಿ ದಂಡ ಕಟ್ಟಿದವನಿಗೆ ಮೊದಲನೆಯದು ತಗಲುವುದೇ ಇಲ್ಲ. ಶಿಕ್ಷೆಯ ಮಾತು ಬಂದಾಗ ಐದು ವರ್ಷ, ಎರಡು ವರ್ಷ, ಅಧಃಪತನ ಎಂಬ ಮೂರೂ ಕೂಡಿಬಂದರೆ ಮಾತ್ರ ಅಡ್ಡಿಯೆಂದು 2021ರಲ್ಲಿ ಸುಪ್ರೀಂ ಕೋರ್ಟು ಪಾಸ್‌ಪೋರ್ಟಿನ ನವೀಕರಣದ ಒಂದು ಪ್ರಕರಣದಲ್ಲಿ ಎತ್ತಿಹಿಡಿದಿದೆ.

ನಮ್ಮ ಯುವಕರಿಗೆ ಹೆಚ್ಚಾಗಿ ತೊಡಕಾಗುವುದು ಎರಡನೆಯದು. ಊರ ಗಲಾಟೆಯಲ್ಲಿ ಹತ್ತು ಜನರ ಹೆಸರಿನೊಡನೆ ತನ್ನ ಹೆಸರೂ ಸೇರಿದೆ. ಮೊಕದ್ದಮೆ ವರ್ಷಗಟ್ಟಲೆ ಎಳೆಯುತ್ತಿದೆ. ಅಷ್ಟರಲ್ಲಿ ಕೊಲ್ಲಿಯ ಕಡೆಯಿಂದ ಕೆಲಸದ ಕಾಗದ ಬಂದಿದೆ. ಇಂಥವನು ಕೈಚೆಲ್ಲಿ ಕುಳಿತುಕೊಳ್ಳಬೇಕಾಗಿಲ್ಲ. 1993ನೆಯ ಆಗಸ್ಟ್ 25ರಂದು ಭಾರತ ಸರ್ಕಾರವು ಹೊರಡಿಸಿದ ಅಧಿಸೂಚನೆಯ ಮೇರೆಗೆ, ಮೊಕದ್ದಮೆ ನಡೆಯುತ್ತಿರುವ ನ್ಯಾಯಾಲಯವೇ ಹೊರದೇಶಕ್ಕೆ ಹೋಗಲು ಅನುಮತಿಯಿತ್ತರೆ ಪಾಸ್‌ಪೋರ್ಟು ಸಿಕ್ಕುತ್ತದೆ. ಆಜ್ಞೆಯಲ್ಲಿ ಅವಧಿಯನ್ನು ಬರೆದಿದ್ದರೆ ಅಷ್ಟು ಕಾಲಕ್ಕೆ; ಯಾವ ಅವಧಿಯನ್ನೂ ಬರೆಯದಿದ್ದರೆ ಒಂದು ವರ್ಷಕ್ಕೆ. ಕರೆದಾಗ ನ್ಯಾಯಾಲಯಕ್ಕೆ ಹಾಜರಾಗುವೆನೆಂದು ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ಆದುದರಿಂದ ವಕೀಲರು ಮನವಿಯನ್ನು ಬರೆಯುವಾಗಲೇ ಅವಧಿಯನ್ನು ಸ್ಪಷ್ಟವಾಗಿ ಕೇಳಿಕೊಳ್ಳುವುದು ಲೇಸು. ಇಲ್ಲವಾದರೆ ವರ್ಷ ವರ್ಷವೂ ಅದೇ ಮೆಟ್ಟಲನ್ನು ಹತ್ತಬೇಕಾಗುವುದು.

ಠಾಣೆಯಲ್ಲಿ ಯಾರೋ ಫಿರ್ಯಾದಿ ಕೊಟ್ಟು ಪ್ರಥಮ ವರ್ತಮಾನ ವರದಿ ದಾಖಲಾದ ಮಾತ್ರಕ್ಕೆ ಮೊಕದ್ದಮೆ 'ನಡೆಯುತ್ತಿದೆ' ಎಂದಾಗುವುದಿಲ್ಲ. ನ್ಯಾಯಾಲಯವು ಅದನ್ನು ವಿಚಾರಣೆಗೆ ಅಂಗೀಕರಿಸಿದ ಮೇಲಷ್ಟೇ ಹಾಗೆನ್ನಬೇಕೆಂದು 2019ನೆಯ ಅಕ್ಟೋಬರ್ ತಿಂಗಳಲ್ಲಿ ವಿದೇಶಾಂಗ ಮಂತ್ರಾಲಯವು ತನ್ನ ಕಚೇರಿಗಳಿಗೆ ತಿಳಿಸಿದೆ. ಪಾಸ್‌ಪೋರ್ಟನ್ನು ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬಹುದು. ಮೂವತ್ತು ದಿವಸಗಳೊಳಗೆ ಅಪೀಲು ಮಾಡಿಕೊಳ್ಳಬಹುದು.

ಇನ್ನು ಕೌಟಿಲ್ಯನ ತಾರತಮ್ಯ. ಪಾಸ್‌ಪೋರ್ಟು ಪಡೆಯಲೆಂದು ತಿಳಿದೂ ತಿಳಿದೂ ಸುಳ್ಳು ಬರೆದವನಿಗೆ, ಹೇಳಬೇಕಾದ ಸಂಗತಿಯನ್ನು ಬಚ್ಚಿಟ್ಟವನಿಗೆ, ಅಧಿನಿಯಮದ 12ನೆಯ ಕಲಮಿನಲ್ಲಿ ಎರಡು ವರ್ಷಗಳ ವರೆಗೆ ಸೆರೆ, ಇಲ್ಲವೆ 5,000 ರೂಪಾಯಿಗಳ ವರೆಗೆ ದಂಡ, ಅಥವಾ ಎರಡೂ ಉಂಟು. ಇನ್ನೂರು ರೂಪಾಯಿ ದಂಡದ ಹಳೆಯ ಕಲಮನ್ನು ಮುಚ್ಚಲು ಹೋಗಿ ಎರಡು ವರ್ಷದ ಸೆರೆಯ ಹೊಸ ಕಲಮನ್ನು ತಲೆಯ ಮೇಲೆ ಎಳೆದುಕೊಳ್ಳುವುದು ಎಂಥ ಲೆಕ್ಕಾಚಾರ!

ಈಗ ಹೋಗುವ ದೇಶದವರ ಕಾನೂನನ್ನು ನೋಡೋಣ. ಇಲ್ಲಿ 'ವೀಸಾ ವಿನಾಯಿತಿ'ಯೆಂಬ ಮಾತನ್ನು ಎರಡು ಬೇರೆ ಬೇರೆ ಅರ್ಥಗಳಲ್ಲಿ ಬಳಸುವುದರಿಂದ ಬಹಳ ಗೊಂದಲವಾಗಿದೆ. ಮೊದಲನೆಯದು, ಕೆಲವು ರಾಷ್ಟ್ರಗಳ ಪ್ರಜೆಗಳು ವೀಸಾ ಇಲ್ಲದೆಯೇ ಅಮೆರಿಕಕ್ಕೆ ಹೋಗಿ 90 ದಿವಸಗಳ ವರೆಗೆ ಇದ್ದು ಬರಬಹುದಾದ ಏರ್ಪಾಡು. ಇದು 1986ರ ಕಾನೂನಿನಿಂದ ಬಂದದ್ದು. ಸುಮಾರು 40 ರಾಷ್ಟ್ರಗಳಿಗೆ ಇದು ಅನ್ವಯಿಸುತ್ತದೆ. ಭಾರತವು ಆ ಪಟ್ಟಿಯಲ್ಲಿಲ್ಲ. ಆದರೆ ಬ್ರಿಟಿಷ್ ಪ್ರಜೆಗಳಾಗಿರುವ ನಮ್ಮವರ ಮಕ್ಕಳಿಗೆ ಇದು ಒದಗುತ್ತದೆ. ಅವರು 2009ನೆಯ ಜನವರಿಯಿಂದ ಮೊದಲೇ 'ಎಸ್ತಾ' ಎಂಬ ಅನುಮತಿಯನ್ನು ಪಡೆಯಬೇಕಾಗಿದೆ. ಆಸ್ತಿಗೆ ಭಾರಿ ಹಾನಿಯನ್ನೋ, ಇನ್ನೊಬ್ಬನಿಗೆ ಅಥವಾ ಸರ್ಕಾರದ ಅಧಿಕಾರಕ್ಕೆ ಭಾರಿ ಕೇಡನ್ನೋ ಮಾಡಿದ ಅಪರಾಧಕ್ಕಾಗಿ ಬಂಧನ ಅಥವಾ ಶಿಕ್ಷೆಯಾಗಿತ್ತೆ ಎಂದು ಅದರಲ್ಲಿ ಕೇಳುತ್ತಾರೆ. ಈ ಅನುಮತಿ ದೊರೆಯದಿದ್ದರೆ ಬಾಗಿಲು ಮುಚ್ಚಿತೆಂದಲ್ಲ. ವೀಸಾಕ್ಕೆ ಅರ್ಜಿ ಹಾಕಿಕೊಳ್ಳಬೇಕೆಂದು ಅರ್ಥ. ಇಂಗ್ಲೆಂಡಿನಲ್ಲಿ 1974ರ ಕಾನೂನಿನ ಪ್ರಕಾರ ಕೆಲವು ಶಿಕ್ಷೆಗಳು ಇಷ್ಟು ವರ್ಷಗಳಾದ ಮೇಲೆ ಕಳೆದುಹೋದುವೆಂದು ಎಣಿಸಲ್ಪಡುತ್ತವೆ. ಅಮೆರಿಕದ ವೀಸಾ ಕಾನೂನು ಆ ಕಳೆಯುವಿಕೆಯನ್ನು ಒಪ್ಪುವುದಿಲ್ಲವೆಂಬುದನ್ನು ಅಲ್ಲಿರುವ ನಮ್ಮವರು ಮರೆಯಕೂಡದು.

ಎರಡನೆಯ ಅರ್ಥವು ಇದಕ್ಕಿಂತ ಗಂಭೀರವಾದುದು. ಹಳೆಯ ಅಪರಾಧದ ದೆಸೆಯಿಂದ ವೀಸಾಕ್ಕೆ ಅನರ್ಹನಾದವನು, ಆ ಅನರ್ಹತೆಯನ್ನು ತನ್ನ ಮಟ್ಟಿಗೆ ಈ ಪ್ರಯಾಣಕ್ಕೆ ಮನ್ನಿಸಬೇಕೆಂದು ಬೇಡಿಕೊಳ್ಳುವುದು. ಭಾರತದ ಪ್ರಜೆಗೂ ಇದು ಲಭ್ಯ. ವೀಸಾದ ಅಧಿಕಾರಿಯು ಶಿಫಾರಸು ಮಾಡಿದರೆ ಅಲ್ಲಿಯ ಗೃಹರಕ್ಷಣಾ ಇಲಾಖೆಯವರು ತೀರ್ಮಾನಿಸುತ್ತಾರೆ. ಈತನನ್ನು ಬರಗೊಟ್ಟರೆ ಸಮಾಜಕ್ಕೆ ಅಪಾಯವೆಷ್ಟು, ಹಿಂದಿನ ಅಪರಾಧವು ಎಷ್ಟು ಗುರುತರವಾದುದು, ಬರುವ ಕಾರಣವೇನು ಎಂಬ ಮೂರನ್ನು 1978ರ ಒಂದು ತೀರ್ಮಾನದಿಂದೀಚೆಗೆ ಅವರು ತೂಗಿ ನೋಡುತ್ತಾರೆ. ಇದಕ್ಕೆ ತಿಂಗಳುಗಳೇ ಹಿಡಿಯುವುದರಿಂದ, ಬಾಣಂತನಕ್ಕೆ ಹೋಗುವವರು ಎಂಟನೆಯ ತಿಂಗಳಿನಲ್ಲಿ ಅರ್ಜಿ ಹಾಕಿ ಫಲವಿಲ್ಲ.

ಎಲ್ಲ ಹಳೆಯ ಮೊಕದ್ದಮೆಗಳಿಗೂ ಈ ಕ್ಷಮೆ ಬೇಕಾಗುವುದಿಲ್ಲ. ಅಮೆರಿಕದ ಕಾನೂನಿನಲ್ಲಿಯೂ ನಮ್ಮಲ್ಲಿರುವಂತೆಯೇ 'ನೈತಿಕ ಅಧಃಪತನ'ವೆಂಬ ಮಾತಿದೆ. ಕಳ್ಳತನ, ಮೋಸ ಮೊದಲಾದವು ಸಾಮಾನ್ಯವಾಗಿ ಇದರೊಳಗೆ ಬರುತ್ತವೆ. ಆದರೂ, ಒಂದೇ ಅಪರಾಧವಾಗಿದ್ದು, ಅದಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆ ಒಂದು ವರ್ಷವನ್ನು ಮೀರದೆ, ವಿಧಿಸಿದ್ದು ಆರು ತಿಂಗಳನ್ನು ಮೀರದೆ ಇದ್ದರೆ, ಅದನ್ನು ಕ್ಷುಲ್ಲಕವೆಂದು ಬಿಟ್ಟುಬಿಡುತ್ತಾರೆ. ಕೇವಲ ರಾಜಕೀಯವಾದ ಅಪರಾಧವನ್ನೂ ಎಣಿಸುವುದಿಲ್ಲ. ಈ ಭೇದವು ಸರಿಯಾದುದೇ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕಾಗಿ ಸೆರೆಮನೆ ಕಂಡವರು. ಅದೇ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ನಮ್ಮ ದೇಶದ ಪರವಾಗಿ ಮಾತಾಡಿದವರು. ಸೆರೆಮನೆಗೆ ಹೋದವರೆಲ್ಲ ಪತಿತರೆಂದು ಎಣಿಸಿದರೆ ನಮ್ಮ ಹಿರಿಯರಲ್ಲಿ ಎಷ್ಟು ಮಂದಿ ಉಳಿದಾರು?

ಆದರೆ ಇದೇ ಕಾನೂನು ಸುಳ್ಳಿಗೆ ಮಾತ್ರ ಕರುಣೆ ತೋರುವುದಿಲ್ಲ. ವೀಸಾ ಪಡೆಯಲೆಂದು ಮುಖ್ಯ ಸಂಗತಿಯಲ್ಲಿ ಬೇಕೆಂದೇ ಸುಳ್ಳಾಡಿದರೆ, ಆ ಅನರ್ಹತೆಯು ಕಾಲ ಕಳೆದಂತೆ ಸವೆಯುವುದಲ್ಲ, ಜೀವಮಾನಪರ್ಯಂತ ಹಿಂಬಾಲಿಸುವುದು. ಅಲ್ಲಿಯೂ ಅದೇ ಕೌಟಿಲ್ಯನ ತಕ್ಕಡಿ.

ಇತರ ದೇಶಗಳ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಇಂಗ್ಲೆಂಡಿನವರೂ ಆಸ್ಟ್ರೇಲಿಯದವರೂ ಹನ್ನೆರಡು ತಿಂಗಳ ಅಥವಾ ಅದಕ್ಕೆ ಮೀರಿದ ಸೆರೆವಾಸವನ್ನು ದೊಡ್ಡ ಅಡ್ಡಿಯೆಂದು ಎಣಿಸುತ್ತಾರೆ. ಕೆನಡದಲ್ಲಿ ಶಿಕ್ಷೆ ಪೂರ್ತಿಯಾಗಿ ಮುಗಿದು ಐದು ವರ್ಷ ಕಳೆದ ಮೇಲೆ, ತಾನು ತಿದ್ದಿಕೊಂಡಿರುವೆನೆಂದು ಅರ್ಜಿ ಸಲ್ಲಿಸಿ ಅಡ್ಡಿಯನ್ನು ಕಳೆದುಕೊಳ್ಳಬಹುದು. ಆದರೆ 2018ನೆಯ ಡಿಸೆಂಬರಿನಿಂದ ಕುಡಿದು ಗಾಡಿ ನಡೆಸುವುದು ಅಲ್ಲಿ ಗುರುತರವಾದ ಅಪರಾಧಗಳ ಸಾಲಿಗೆ ಸೇರಿದೆ. 'ರಾತ್ರಿ ಪೊಲೀಸರು ಹಿಡಿದರು, ದಂಡ ಕಟ್ಟಿ ಬಂದೆವು' ಎಂದು ನಗುತ್ತ ಹೇಳಿಕೊಳ್ಳುವ ನಮ್ಮ ಹುಡುಗರಿಗೆ ಇದನ್ನು ಹೇಳಿಡುವುದು ಒಳ್ಳೆಯದು. ಕೆಲವು ದೇಶಗಳು ಕೆಲಸದ ವೀಸಾಕ್ಕೆ ಪೊಲೀಸರ ನಿರಾಕ್ಷೇಪಣಾ ಪತ್ರವನ್ನು ಕೇಳುತ್ತವೆ. ಅದನ್ನು ಪಾಸ್‌ಪೋರ್ಟಿನ ಕಚೇರಿಯ ಮೂಲಕವೇ ಪಡೆಯಬೇಕು. ಅಲ್ಲಿ ಠಾಣೆಯ ಪುಸ್ತಕವು ಮಾತಾಡುತ್ತದೆ, ಅರ್ಜಿದಾರನ ಮಾತಲ್ಲ.

ಇಷ್ಟು ಕಾನೂನಿನ ಮಾತಾಯಿತು. ಮನೆಯ ಮಾತು ಇದಕ್ಕಿಂತ ಕಠಿಣವಾದುದು. ನನ್ನ ಪರಿಚಯದ ಗೃಹಸ್ಥರೊಬ್ಬರು, ಎಪ್ಪತ್ತರ ಹತ್ತಿರದವರು, ಕಳೆದ ಮಳೆಗಾಲದಲ್ಲಿ ಒಂದು ಕಾಗದವನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಅಮೆರಿಕದಲ್ಲಿರುವ ಮಗಳಿಗೆ ಚೊಚ್ಚಲ ಹೆರಿಗೆ. ವೀಸಾದ ಅರ್ಜಿಯಲ್ಲಿ, ಎಂದಾದರೂ ಬಂಧನವೋ ಶಿಕ್ಷೆಯೋ ಆಗಿತ್ತೆ, ಮುಂದೆ ಕ್ಷಮೆ ದೊರೆತಿದ್ದರೂ ತಿಳಿಸಿ, ಎಂಬ ಪ್ರಶ್ನೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಗದ್ದೆಯ ತೋಡಿನ ನೀರಿನ ವಿಷಯದಲ್ಲಿ ದೊಡ್ಡಪ್ಪನ ಮಗನ ಮೇಲೆ ಅವರು ಕೈಮಾಡಿದ್ದರು. ಆಗಿನ ದಂಡಸಂಹಿತೆಯ 323ನೆಯ ಕಲಮು. ಅಲೆದಾಟ ಸಾಕೆಂದು ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರು. ಹಾಗೆ ದಂಡ ಕಟ್ಟಿದ್ದೂ ಶಿಕ್ಷೆಯೇ ಎಂಬುದು ಅವರಿಗೆ ಅಂದು ಹೊಳೆದಿರಲಿಲ್ಲ.

“ಏಜೆಂಟನು 'ಇಲ್ಲ'ವೆಂದೇ ಬರೆಯಿರಿ ಎನ್ನುತ್ತಾನೆ ಮಾಷ್ಟ್ರೇ. ಅಷ್ಟು ಹಳೆಯ ಕಾಗದವನ್ನು ಅಮೆರಿಕದವರು ಎಲ್ಲಿಂದ ಹುಡುಕಿಯಾರು?” ಎಂದರು.

“ಹುಡುಕಲಾರರು ಎಂದೇ ಇಟ್ಟುಕೊಳ್ಳೋಣ ರಾಯರೇ. ನಿಮಗೆ ಭಯವಿರುವುದು ಅವರದೋ, ಬೇರೆಯವರದೋ?” ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಮಗಳಿಗೆ ಗೊತ್ತಿಲ್ಲ. ಅರ್ಜಿಯನ್ನು ತುಂಬುವವಳು ಅವಳೇ” ಎಂದರು.

ವಾಚಕರೇ, ಗಂಟು ಇರುವುದು ಇಲ್ಲಿ. ನಾವು ಪರದೇಶದ ಅಧಿಕಾರಿಗೆ ಅಂಜುತ್ತೇವೆಂದು ಹೇಳಿಕೊಳ್ಳುತ್ತೇವೆ. ನಿಜವಾಗಿ ಅಂಜುವುದು ಮಕ್ಕಳ ಕಣ್ಣಿಗೆ, ಅಳಿಯನ ಮನೆಯವರ ಬಾಯಿಗೆ. ಅವರ ಪ್ರಕರಣದಲ್ಲಿ ಕಾನೂನಿನ ಅಪಾಯವು ಸ್ವಲ್ಪವೇ ಇತ್ತು. ಆ ಕಲಮಿಗೆ ಗರಿಷ್ಠ ಶಿಕ್ಷೆಯೇ ಒಂದು ವರ್ಷ. ಆದದ್ದು ಬರಿಯ ದಂಡ. ಸತ್ಯ ಹೇಳಿದರೆ ವೀಸಾ ಸಿಕ್ಕುವ ಸಂಭವವೇ ಹೆಚ್ಚು. ಸುಳ್ಳು ಬರೆದು ಅದು ಬಯಲಾದರೆ ಮೊಮ್ಮಗುವನ್ನು ಅಲ್ಲಿ ನೋಡುವ ದಾರಿಯೇ ಮುಚ್ಚಿಹೋದೀತು. ಅರ್ಜಿಯನ್ನು ತುಂಬಿದ ಮಗಳ ಕೈಯಿಂದ, ಅವಳಿಗೆ ತಿಳಿಯದೆ, ಸುಳ್ಳು ಬರೆಸಿದಂತೆಯೂ ಆದೀತು. ನಾನು ಇಷ್ಟನ್ನೇ ಹೇಳಿದೆ. ಮಗಳಿಗೆ ತಿಳಿಸುವುದು ಅವರಿಗೆ ಸೇರಿದ ಕೆಲಸ.

ಅವರು ತಿಳಿಸಿದರು. ಮಗಳು ಕೇಳಿದ್ದು ಒಂದೇ ಪ್ರಶ್ನೆಯಂತೆ: “ಅಪ್ಪಯ್ಯ, ಆ ದೊಡ್ಡಪ್ಪನೊಡನೆ ಈಗಲೂ ಮಾತಿಲ್ಲವೆ?” ಆ ಪ್ರಶ್ನೆಗೆ ಅರ್ಜಿಯಲ್ಲಿ ಸ್ಥಳವಿರಲಿಲ್ಲ, ರಾಯರಲ್ಲಿ ಉತ್ತರವೂ ಇರಲಿಲ್ಲ. ಆಮೇಲೆ 'ಹೌದು' ಎಂದು ಬರೆದು, ನಡೆದದ್ದನ್ನು ನಾಲ್ಕು ಸಾಲಿನಲ್ಲಿ ವಿವರಿಸಿ, ನ್ಯಾಯಾಲಯದಿಂದ ತೀರ್ಪಿನ ನಕಲನ್ನು ಪಡೆದು, ದಂಪತಿಗಳು ಚೆನ್ನೈಗೆ ಹೋಗಿಬಂದರು. ಅಧಿಕಾರಿಯು ಕಾಗದಗಳನ್ನು ನೋಡಿ ಎರಡು ಮಾತು ಕೇಳಿದನಂತೆ. ಕೆಲವು ವಾರ ಹೆಚ್ಚು ಹಿಡಿಯಿತು, ವೀಸಾ ಬಂತು. ಎಲ್ಲರಿಗೂ ಹೀಗೆಯೇ ಆಗುವುದೆಂದು ನಾನು ಹೇಳಲಾರೆ. ಅಧಿಕಾರಿಯ ವಿವೇಚನೆಯೆಂಬುದೊಂದು ಉಂಟು. ಹೊರಡುವ ಮುನ್ನ ಅವರು ದೊಡ್ಡಪ್ಪನ ಮಗನ ಮನೆಗೆ ಒಂದು ಸಲ ಹೋಗಿದ್ದರೆಂದು ಆಮೇಲೆ ತಿಳಿಯಿತು. ಅಲ್ಲಿ ಏನು ಮಾತಾಯಿತೆಂದು ನಾನು ಕೇಳಲಿಲ್ಲ.

ಇಂಥ ಪ್ರಸಂಗ ಬಂದ ಗೃಹಸ್ಥರು ಮಾಡತಕ್ಕದ್ದನ್ನು ಒಂದೆಡೆ ಹೇಳಿಬಿಡುತ್ತೇನೆ. ಮೊದಲು ಮೊಕದ್ದಮೆಯು ಹೇಗೆ ಮುಗಿಯಿತೆಂಬುದನ್ನು ಖಚಿತಮಾಡಿಕೊಳ್ಳಿರಿ. ಖುಲಾಸೆ ಬೇರೆ, ರಾಜಿ ಬೇರೆ, ತಪ್ಪೊಪ್ಪಿ ದಂಡ ಕಟ್ಟಿದ್ದು ಬೇರೆ. ಕಾನೂನು ರಾಜಿಗೆ ಬಿಟ್ಟಿರುವ ಅಪರಾಧಗಳಲ್ಲಿ ರಾಜಿಯಾದರೆ ಅದು ಖುಲಾಸೆಗೆ ಸಮಾನ. ದಂಡ ಕಟ್ಟಿದ್ದು ಹಾಗಲ್ಲ. ಈಗ ಮೊಕದ್ದಮೆಯನ್ನು ಎದುರಿಸುತ್ತಿರುವ ಯುವಕನು, ಬೇಗ ಮುಗಿಯಲೆಂದು ತಪ್ಪೊಪ್ಪಿಕೊಳ್ಳುವ ಮೊದಲು ಇದನ್ನು ವಕೀಲರಲ್ಲಿ ಕೇಳಿ ತಿಳಿದುಕೊಳ್ಳಲಿ. ಎರಡನೆಯದಾಗಿ, ತೀರ್ಪಿನ ದೃಢೀಕೃತ ನಕಲನ್ನು ಪಡೆದು ಮನೆಪತ್ರಗಳ ಜೊತೆಯಲ್ಲಿಯೇ ಇಡಿರಿ. ಕಡತವು ಹಳೆಯದಾಗಿ ನಾಶವಾಗಿದ್ದರೆ ಹಾಗೆಂದು ಹಿಂಬರಹವನ್ನು ಕೇಳಿ ಪಡೆಯಿರಿ. ಮೂರನೆಯದಾಗಿ, ಪ್ರಶ್ನೆಯನ್ನು ಅಕ್ಷರಶಃ ಓದಿರಿ. ಒಂದು ಅರ್ಜಿಯು ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯನ್ನು ಮಾತ್ರ ಕೇಳುತ್ತದೆ. ಇನ್ನೊಂದು ಬರಿಯ ಬಂಧನವನ್ನೂ ಕೇಳುತ್ತದೆ. ಕೇಳಿದ್ದಕ್ಕೆ ಪೂರ್ತಿಯಾಗಿ ಉತ್ತರಿಸಿರಿ. ಕೇಳದಿರುವುದನ್ನು ಹೇಳಿಕೊಳ್ಳುವ ಅಗತ್ಯವಿಲ್ಲ. ನಾಲ್ಕನೆಯದಾಗಿ, ಅರ್ಜಿಯನ್ನು ಏಜೆಂಟನು ತುಂಬಿದರೂ ಸಹಿ ನಿಮ್ಮದು. ಅದರ ಹೊಣೆಯೂ ನಿಮ್ಮದೇ.

ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ಒಂದು ಸಮಾಧಾನದ ಮಾತು. 2015ರ ಬಾಲನ್ಯಾಯ ಅಧಿನಿಯಮದ ಪ್ರಕಾರ, ಮಗುವಿನ ಪ್ರಕರಣವು ಮುಗಿದ ಮೇಲೆ ಪೊಲೀಸರು ಅದನ್ನು ನಡತೆಯ ಪತ್ರಕ್ಕಾಗಿ ಹೊರಗೆಡಹಕೂಡದು. ಘೋರವಾದ ಕೆಲವು ಅಪರಾಧಗಳನ್ನು ಬಿಟ್ಟರೆ, ಅಪರಾಧದ ನಿಮಿತ್ತವಾಗಿ ಬರುವ ಅನರ್ಹತೆಯೂ ಅವರನ್ನು ತಗಲುವುದಿಲ್ಲ. ಹುಡುಗನೊಬ್ಬನು ಒಂದು ಸಂಜೆ ಕಲ್ಲು ಎಸೆದನೆಂದು ಅವನ ಬಾಳೇ ಹಾಳಾಯಿತೆಂದು ತಾಯಿತಂದೆಗಳು ಕಂಗೆಡಬೇಕಾಗಿಲ್ಲ. ಆದರೂ ಹೊರದೇಶದ ಅರ್ಜಿಗಳಲ್ಲಿ ಆ ದೇಶದ ಪ್ರಶ್ನೆಗೆ ಉತ್ತರ ಕೊಡಬೇಕಾದುದರಿಂದ ವಕೀಲರನ್ನು ಕೇಳಿಯೇ ಬರೆಯತಕ್ಕದ್ದು.

ತಪ್ಪಿಗೆ ದಂಡ ತೆತ್ತವನ ಋಣವು ಆ ತಪ್ಪಿನ ಮಟ್ಟಿಗೆ ತೀರಿತೆಂಬುದು ನಮ್ಮ ಧರ್ಮಶಾಸ್ತ್ರಕಾರರಿಗೂ ಸಮ್ಮತವಾದ ಅಭಿಪ್ರಾಯ. ತೀರಿದ ಋಣದ ರಸೀದಿಯನ್ನು ತೋರಿಸಲು ಯಾರೂ ನಾಚಬೇಕಾಗಿಲ್ಲ. ಅದನ್ನು ಅಡಗಿಸಿಟ್ಟವನು ಮಾತ್ರ, ತೀರಿದ ಸಾಲಕ್ಕೆ ಮತ್ತೆ ಮತ್ತೆ ಬಡ್ಡಿ ಕಟ್ಟುತ್ತಲೇ ಇರುತ್ತಾನೆ.